ಗೆಳೆಯನ ಹಾಡಿಗೆ ಫೋನ್ ಒಂದೇ ಸಾಕಾ?

ಗಿಟಾರ್ ನುಡಿಸುವ ಗೆಳೆಯನ ಜೊತೆ ಬೈಕಲ್ಲಿ ಚಿಕ್ಕಬಳ್ಳಾಪುರದ ಕಡೆ ಹೊರಟಿದ್ದೀರಿ, ಅವರ ಹಾಡಿನ ವಿಡಿಯೋ ಫೋನಲ್ಲೇ ಶೂಟ್ ಮಾಡಿದರೆ ತುಟಿಗೂ ಹಾಡಿಗೂ ಹೊಂದುತ್ತಾ ಅಂತ ಕೇಳಿದ್ದೀರಿ. ಖಂಡಿತ ಹೊಂದುತ್ತೆ. ಹಾಡನ್ನು ಮೊದಲೇ ರೆಕಾರ್ಡ್ ಮಾಡಿಕೊಂಡು ಹೋಗಿ, ಬೆಟ್ಟದ ಮೇಲೆ ಗಾಳಿ ಸದ್ದೇ ಜಾಸ್ತಿ. ಚಿಕ್ಕ ಸ್ಪೀಕರಲ್ಲಿ ಹಾಡು ಹಾಕಿ, ಅವರು ನಿಜವಾಗಿ ದನಿ ತೆಗೆದು ಹಾಡಲಿ. ಸುಮ್ನೆ ಬಾಯಾಡಿಸಿದರೆ ಕತ್ತಿನ ನರ ಬಿಗಿಯುವುದಿಲ್ಲ, ನೋಡುವವರಿಗೆ ತಕ್ಷಣ ಗೊತ್ತಾಗುತ್ತೆ. ಫೋನಿನ ಮೈಕ್ ಹಿಡಿದ ಆ ಸ್ಪೀಕರ್ ಸದ್ದಿಗೆ ಎಡಿಟಿಂಗಲ್ಲಿ ಮೂಲ ಹಾಡನ್ನು ಹೊಂದಿಸಿ, ಆಮೇಲೆ ಫೋನಿನ ಸದ್ದನ್ನು ಮ್ಯೂಟ್ ಮಾಡಿ.

ಸ್ಲೋ ಮೋಷನ್ ಬೇಕಾ? ಸೆಕೆಂಡಿಗೆ 50 ಫ್ರೇಮಲ್ಲಿ (ಅಂದರೆ 50 ಬಿಡಿ ಚಿತ್ರ) ತೆಗೆದು 25ರಲ್ಲಿ ತೋರಿಸುವುದಾದರೆ, ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ ಹಾಡಿಸಿ. ಆಗ ತುಟಿ ಹಾಡಿಗೆ ಸರಿಯಾಗಿ ಕೂರುತ್ತೆ, ಕೂದಲು, ಶರ್ಟಿನ ಅಂಚು ಮಾತ್ರ ಗಾಳಿಯಲ್ಲಿ ತೇಲುತ್ತೆ. ತುಂಬ ಚೆಂದ ಕಾಣುತ್ತೆ, ಮಾಡಿ ನೋಡಿ.

ನಂದಿ ಬೆಟ್ಟದಲ್ಲಿ ವಾರಾಂತ್ಯಕ್ಕೆ ವಿಪರೀತ ಜನ. ನನ್ನ ಕೇಳಿದರೆ ಗುಡಿಬಂಡೆ ಕೋಟೆ ವಾಸಿ, ಕೆಳಗೆ ಭೈರಸಾಗರ ಕೆರೆಯೂ ಸಿಗುತ್ತೆ. ನಂದಿ ಬೆಟ್ಟದ ತಪ್ಪಲಿನ ಭೋಗನಂದೀಶ್ವರ ದೇವಸ್ಥಾನ ಪುರಾತತ್ವ ಇಲಾಖೆಯದು, ಟ್ರೈಪಾಡ್ ಇಡಲು ಮೊದಲೇ ಅನುಮತಿ ಪಡೆಯಿರಿ. ದುಡ್ಡು ಉಳಿದರೆ ಲೆನ್ಸ್ ಬಾಡಿಗೆಗೆ ಬೇಡ, ಹಾಡಿನ ಮಿಕ್ಸಿಂಗಿಗೆ ಹಾಕಿ.