ಕಬ್ಬಿನ ಹಾಲಿನ ವಿನೆಗರ್ ಹುಳಿ ಬರ್ತಿಲ್ಲ ಅಂದವರಿಗೆ

ಅಣ್ಣ, ಎರಡು ತಿಂಗಳಾದ್ರೂ ಬರೀ ಹೆಂಡದ ವಾಸನೆ, ಹುಳೀನೇ ಇಲ್ಲ ಅಂತೀರಿ. ನೀವು ಹಾಕಿದ ಫೋಟೋದಲ್ಲಿ ಕ್ಯಾನಿಗೆ ಇನ್ನೂ ಏರ್‌ಲಾಕ್ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಮುಚ್ಚಳ) ಇದೆಯಲ್ಲ! ಮೊದಲ ಸಲ ನಾನೂ ಹಿಂಗೇ ಬಿಗಿಯಾಗಿ ಮುಚ್ಚಿ ಕಾಯ್ತಾ ಕೂತಿದ್ದೆ. ಯೀಸ್ಟ್ ಸಕ್ಕರೆಯನ್ನ ಆಲ್ಕೋಹಾಲ್ ಮಾಡಿ ಮುಗಿಸಿದ ಮೇಲೆ, ಅದನ್ನ ಹುಳಿ ಮಾಡೋ ಅಸಿಟೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾಗೆ ಗಾಳಿ ಬೇಕೇ ಬೇಕು. ಗಸಿ ಬಿಟ್ಟು ತಿಳಿ ಮಾತ್ರ ಅಗಲ ಬಾಯಿಯ ಗಾಜಿನ ಜಾಡಿಗೆ ಬಸಿಯಿರಿ, ಒತ್ತಾದ ಬಟ್ಟೆ ಕಟ್ಟಿ. ತೆಳು ಬಟ್ಟೆ ಕಟ್ಟಿದ್ರೆ ಹಣ್ಣಿನ ನೊಣ ಒಳಗೇ ಸಂಸಾರ ಹೂಡುತ್ತೆ.

18-20 ಬ್ರಿಕ್ಸ್ (ಅಂದ್ರೆ ಹೆಚ್ಚುಕಮ್ಮಿ ಅಷ್ಟು ಶೇಕಡಾ ಸಕ್ಕರೆ) ಇರೋ ಕಬ್ಬಿನ ಹಾಲನ್ನ ಹಂಗೇ ಹುದುಗಿಸಿದ್ರೆ ಆಲ್ಕೋಹಾಲ್ ಸುಮಾರು 10% ಆಗಿರುತ್ತೆ, ಅದು ಜಾಸ್ತಿ. ನೀರು ಬೆರೆಸಿ 6-7%ಗೆ ತನ್ನಿ. ನಲ್ಲಿ ನೀರಾದ್ರೆ ಕುದಿಸಿ ಆರಿಸಿ. ಕಾಲು ಭಾಗ ಜೀವಂತ ವಿನೆಗರ್ (ಬ್ಯಾಕ್ಟೀರಿಯಾ ಇನ್ನೂ ಬದುಕಿರೋದು) ಮೊದಲೇ ಸೇರಿಸಿ. ಅದಕ್ಕೆ ಬ್ರ್ಯಾಗ್ ಬ್ರ್ಯಾಂಡಿನ ವಿನೆಗರ್ ಸೀಸೆಗೇ ದುಡ್ಡು ಸುರೀಬೇಕಂತಿಲ್ಲ, ಪಾಶ್ಚರೈಸ್ ಮಾಡದ, ಮದರ್ (ಬ್ಯಾಕ್ಟೀರಿಯಾ ಕಟ್ಟಿದ ಲೋಳೆ ಪೊರೆ) ಇರೋ ಯಾವುದಾದ್ರೂ ನಡೆಯುತ್ತೆ. ಬಿಳಿ ಸಿಂಥೆಟಿಕ್ ವಿನೆಗರಲ್ಲಿ ಬ್ಯಾಕ್ಟೀರಿಯಾನೇ ಇಲ್ಲ, ಅದನ್ನ ಹಾಕಿ ಕಾಯೋದು ದಂಡ.

ಬೇಗ ಆಗ್ಬೇಕಾ? ನನ್ನ ಪದ್ಧತಿ ಮುಸುಕಿನ ಜೋಳದ ದಿಂಡು. ಕುದಿಸಿ ಒಣಗಿಸಿದ ದಿಂಡನ್ನ ತಳಕ್ಕೆ ತೂತು ಹೊಡೆದ ಫುಡ್ ಗ್ರೇಡ್ ಬಕೆಟ್ಟಿಗೆ ತುಂಬಿ, ಜೀವಂತ ವಿನೆಗರಲ್ಲಿ ನೆನೆಸಿ, ಬೆಳಿಗ್ಗೆ ಸಂಜೆ ದ್ರವ ಮೇಲಿಂದ ಸುರೀತೀನಿ. ಕೆಳಗೆ ಇಳಿದದ್ದು ಮತ್ತೆ ಮೇಲಕ್ಕೆ. 1823ರಲ್ಲಿ ಜರ್ಮನಿಯವರು ಮರ ಹೆರೆದ ತೆಳು ಸುರುಳಿಗಳ ಮೇಲೆ ಹರಿಸಿದ್ದೂ ಇದೇ ಲೆಕ್ಕ: ಗಾಳಿಗೆ ತೆರೆದ ಮೈ ಜಾಸ್ತಿ. ಆದ್ರೆ ದಿಂಡು ಒಣಗಬಾರದು, ಬಿಸಿ ಏರಿದ್ರೆ ಆಲ್ಕೋಹಾಲ್ ಹಾರಿಹೋಗುತ್ತೆ, 30 ಡಿಗ್ರಿ ಆಸುಪಾಸು ಇರಲಿ. ಗಾಳಿ ಊದೋಕೆ ಅಂತ ಅಕ್ವೇರಿಯಂ ಪಂಪ್ ಮಾತ್ರ ಬೇಡ. ದ್ರವದೊಳಗೆ ಮುಳುಗಿದ ಬ್ಯಾಕ್ಟೀರಿಯಾಗೆ ಕರೆಂಟ್ ಹೋಗಿ ಗಾಳಿ ನಿಂತ್ರೆ ಅಲ್ಲಿಗೆ ಮುಗೀತು. ನಮ್ಮ ಕಡೆ ಕರೆಂಟ್ ನಂಬ್ಕೊಂಡು ಯಾರಾದ್ರೂ ಬದುಕ್ತಾರಾ?

ನೇಲ್ ಪಾಲಿಶ್ ವಾಸನೆ ಬಂದ್ರೆ ಗಾಬರಿ ಬೇಡ, ಅದು ಈಥೈಲ್ ಅಸಿಟೇಟ್, ಗಾಳಿ ಸಾಲ್ತಿಲ್ಲ ಅಂತ ಅರ್ಥ.

ಪಿಎಚ್ ಪೇಪರ್ ಅದ್ದಿ "4% ಆಯ್ತು" ಅನ್ನೋರಿಗೆ ಕೈ ಮುಗೀತೀನಿ. ಅದರಲ್ಲಿ ಶೇಕಡಾ ಗೊತ್ತಾಗಲ್ಲ. 10 ಮಿ.ಲೀ. ವಿನೆಗರಿಗೆ ಎರಡು ತೊಟ್ಟು ಫಿನಾಲ್ಫ್ತಲೀನ್ (ಆಮ್ಲ ಮುಗಿದಾಗ ಗುಲಾಬಿ ಆಗೋ ಸೂಚಕ) ಹಾಕಿ, 1 ನಾರ್ಮಲ್ (ಲೀಟರಿಗೆ 40 ಗ್ರಾಂ) ಕಾಸ್ಟಿಕ್ ಸೋಡಾ ದ್ರಾವಣ ಸಿರಿಂಜಲ್ಲಿ ಬಿಡಿ, ಗ್ಲೌಸ್ ಹಾಕ್ಕೊಂಡು. ಗುಲಾಬಿ ಬಣ್ಣ ನಿಲ್ಲೋಕೆ ಹಿಡಿದ ಪ್ರತಿ ಮಿ.ಲೀ.ಗೆ 0.6% ಆಮ್ಲ. 6.7 ಮಿ.ಲೀ. ಹಿಡಿದ್ರೆ 4%. ಕಬ್ಬಿನದು ಕಪ್ಪಗಿರುತ್ತೆ, ಡಿಸ್ಟಿಲ್ಡ್ ವಾಟರ್ ಬೆರೆಸಿ ನೋಡಿ, ಇಲ್ಲಾಂದ್ರೆ ಗುಲಾಬಿ ಕಾಣಲ್ಲ.

ಇಲ್ಲೇ ಇನ್ನೊಬ್ಬರು ಗ್ಲೇಶಿಯಲ್ ಅಸಿಟಿಕ್ (ನೀರಿಲ್ಲದ ಅಪ್ಪಟ ಅಸಿಟಿಕ್ ಆಮ್ಲ, ವಿನೆಗರಿನ ಹುಳಿ ಇದೇ) ತಂದು ನೀರು ಬೆರೆಸಿ ಅಂದಿದ್ದಾರೆ. ಮೆಥನಾಲ್, ಕಾರ್ಬನ್ ಮೊನಾಕ್ಸೈಡ್ ಸೇರಿಸಿ ರೋಡಿಯಂ, ಇರಿಡಿಯಂ ಕ್ಯಾಟಲಿಸ್ಟಲ್ಲಿ ಕಾರ್ಖಾನೆ ಮಾಡೋ ಆಮ್ಲವೂ ಅದೇ ಅಣು, ನಿಜ. ಅದರಲ್ಲಿ ಕಬ್ಬಿನ ಘಮ ಎಲ್ಲಿಂದ ಬರ್ಬೇಕು? ಇಂಡಸ್ಟ್ರಿಯಲ್ ಗ್ರೇಡ್ ಅಂತೂ ಅಡುಗೆಮನೆಗೆ ತರಲೇಬೇಡಿ.

ಮುಂದಿನ ಸಲ ಬೆಲ್ಲದಲ್ಲಿ ಮಾಡೋದಾದ್ರೆ ಆಲೆಮನೆಯಲ್ಲಿ ಕೇಳಿ ಹೈಡ್ರೋಸ್ (ಬೆಲ್ಲ ಬೆಳ್ಳಗಾಗೋಕೆ ಹಾಕೋ ರಾಸಾಯನಿಕ) ಹಾಕದ ಕಪ್ಪು ಬೆಲ್ಲ ತನ್ನಿ. ಬೆಳ್ಳಗೆ ಹೊಳೆಯೋ ಬೆಲ್ಲದಲ್ಲಿ ಉಳಿದ ಸಲ್ಫೈಟ್ ಅಸಿಟೋಬ್ಯಾಕ್ಟರ್‌ಗೆ ಆಗಿಬರಲ್ಲ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆ ಹತ್ತಿರಕ್ಕೂ ಬೇಡ. ಆಮ್ಲ ಏರೋದು ನಿಂತ ವಾರವೇ ಕುತ್ತಿಗೆವರೆಗೂ ತುಂಬಿ ಮುಚ್ಚಿಡಿ. ಗಾಳಿಗೆ ಬಿಟ್ಟರೆ ಆಲ್ಕೋಹಾಲ್ ಮುಗಿಸಿದ ಅದೇ ಬ್ಯಾಕ್ಟೀರಿಯಾ ಆಮ್ಲವನ್ನೂ ತಿಂದು ನೀರು ಮಾಡಿಡುತ್ತೆ.