ಸಿದ್ದಿಗಳನ್ನು ಡಮಾಮಿಗೆ ಮಾತ್ರ ಕರೆಯಬೇಡಿ

ಶಿರಸಿ ಕಡೆಯ ನಿಮ್ಮ ಯುವಕ ಸಂಘದ ವಾರ್ಷಿಕೋತ್ಸವಕ್ಕೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಕುಟುಂಬದವರು ಬರುತ್ತಾರೆ, ಆದರೆ ಹಿಂದೆಯೇ ನಿಲ್ಲುತ್ತಾರೆ, ಏನು ಮಾಡೋಣ ಎಂದು ಕೇಳಿದ್ದೀರಿ. ಮೊದಲು, ಅವರನ್ನು ಡಮಾಮಿಗೆ, ಅಂದರೆ ಅವರ ಡೋಲಿನ ಕುಣಿತಕ್ಕೆ ಮಾತ್ರ ಕರೆಯುವುದನ್ನು ಬಿಡಿ. ಕುಣಿದು, ಚಪ್ಪಾಳೆ ಗಿಟ್ಟಿಸಿ, ಹಿಂದಿನ ಸಾಲಿಗೆ ಹೋಗುವುದು ಸೇರಿಸಿಕೊಳ್ಳೋದು ಅಲ್ವಲ್ಲ. ಚಂದಾ ಲೆಕ್ಕದ ಪುಸ್ತಕ ಅವರಲ್ಲೊಬ್ಬರ ಕೈಗೆ ಕೊಡಿ. ದುಡ್ಡು ನಂಬಿ ಕೊಟ್ಟರೆ ಮಾತಿನ ಧಾಟಿಯೇ ಬದಲಾಗುತ್ತದೆ. ಅವರದೇ ಸಮುದಾಯದ ಶಾಂತಾರಾಮ ಸಿದ್ದಿ 2020ರಲ್ಲೇ ವಿಧಾನ ಪರಿಷತ್ತಿಗೆ ಹೋದರು. ನಿಮ್ಮ ಕಮಿಟಿಯಲ್ಲಿ ಒಂದು ಕುರ್ಚಿ ಇಲ್ಲವೇ?

ಮೀಟಿಂಗನ್ನು ಕೂಲಿ ಕೆಲಸ ಮುಗಿದ ಮೇಲೆ ಇಡಿ, ಕೊನೆಯ ಬಸ್ಸು ತಪ್ಪದ ಹಾಗೆ. ಸಾಧ್ಯವಾದರೆ ಅವರ ಕೇರಿಯಲ್ಲೇ. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂವರೂ ಇದ್ದಾರೆ. ದಿನ ಗೊತ್ತು ಮಾಡುವ ಮೊದಲು ಸುಮ್ನೆ ಒಂದು ಮಾತು ಕೇಳಿ.

ಊಟದ್ದೇ ಜಾಸ್ತಿ ಮುಖ್ಯ. ಒಂದೇ ಪಂಕ್ತಿ ಅಂದರೆ ಸಾಲದು, ಬಡಿಸುವವರಲ್ಲೂ ಅವರಿರಬೇಕು. ಅನ್ನದ ಪಾತ್ರೆ ಯಾರ ಕೈಯಲ್ಲಿದೆ ಅಂತ ಎಲ್ಲರೂ ನೋಡುತ್ತಾರೆ. ಹಿರಿಯರು ಗೊಣಗಬಹುದು. ಗೊಣಗಲಿ, ಬಡಿಸುತ್ತಾ ಹೋಗಿ.