ಹಾಲ್‌ಗೆ ಊರಿನ ಹೆಬ್ಬಾಗಿಲು

ಪ್ರಶ್ನೆ: ಕುಂದಾಪುರದ ಬಳಿ ಇರುವ ನಮ್ಮ ಅಜ್ಜನ ಮನೆಯನ್ನು ಈ ಬೇಸಿಗೆಯಲ್ಲಿ ಕೆಡವುತ್ತಿದ್ದಾರೆ. ಅದರ ಹೆಬ್ಬಾಗಿಲು ಹಲಸಿನ ಮರದ್ದು. ಎರಡು ಕದಗಳಿವೆ, ದಾರಂದದ ಮೇಲೆ ಬಳ್ಳಿ ಮತ್ತು ಗಿಳಿಗಳ ಕೆತ್ತನೆಯಿದೆ. ನೂರು ವರ್ಷಕ್ಕೂ ಹಳೆಯದೆಂದು ಹಿರಿಯರು ಹೇಳುತ್ತಾರೆ. ನಮ್ಮ ಫ್ಲ್ಯಾಟಿನ ಹಾಲ್ 10 ಅಡಿ ಅಗಲ, 16 ಅಡಿ ಉದ್ದ. ಅಲ್ಲಿ ಎದ್ದು ಕಾಣುವ ಒಂದು ವಸ್ತುವನ್ನು ಇಡಬೇಕೆಂದು ಹುಡುಕುತ್ತಿದ್ದೇವೆ. ಯಜಮಾನರಿಗೆ ಗಾಜಿನ ದೊಡ್ಡ ತೂಗುದೀಪ ಬೇಕು, ನನಗೆ ಈ ಬಾಗಿಲು. ಒಳಾಂಗಣದ ಕೆಲಸ ಮಾಡುವವರು ಕದಗಳ ಮೇಲೆ ಗಾಜು ಹಾಕಿ ಊಟದ ಮೇಜು ಮಾಡೋಣ ಎನ್ನುತ್ತಾರೆ. ದುಬೈಯಲ್ಲಿರುವ ತಮ್ಮ ತನಗೊಂದು ಕದ ಕಳಿಸು ಎನ್ನುತ್ತಾನೆ. ಏನು ಮಾಡಲಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಬಾಗಿಲನ್ನೇ ತರಿಸಿಕೊಳ್ಳಿ. ತೂಗುದೀಪದ ಕೆಳತುದಿ ನೆಲದಿಂದ ಕನಿಷ್ಠ 7 ಅಡಿ ಮೇಲಿರಬೇಕು. ಮುಂಬಯಿ ಸುತ್ತಮುತ್ತಲ ಫ್ಲ್ಯಾಟುಗಳಲ್ಲಿ ಸೂರು ಸಾಮಾನ್ಯವಾಗಿ ಒಂಬತ್ತು ಒಂಬತ್ತೂವರೆ ಅಡಿಯ ಎತ್ತರದಲ್ಲಿರುವುದರಿಂದ ದೀಪಕ್ಕೆ ಉಳಿಯುವುದು ಎರಡಡಿಯಷ್ಟೇ, ಮತ್ತು ಆ ಜಾಗದ ಮೇಲೆ ಫ್ಯಾನಿನ ಹಕ್ಕೂ ಇದೆ. ಮೇ ತಿಂಗಳ ಡೊಂಬಿವಲಿಯಲ್ಲಿ ಫ್ಯಾನ್ ಬಿಟ್ಟುಕೊಡುವವರನ್ನು ನಾನಂತೂ ಕಂಡಿಲ್ಲ.

ಊಟದ ಮೇಜಿನ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ನಿಂತು ನೋಡಲೆಂದು ಕಡೆದ ಬಾಗಿಲನ್ನು ಮಲಗಿಸಿದರೆ ಅದರ ಅಂದದ ಅರ್ಧ ಅಲ್ಲಿಗೇ ಹೋಗುತ್ತದೆ. ಉಳಿದರ್ಧವನ್ನು ಗಾಜಿನಡಿಗೆ ಇಳಿದ ಸಾರು, ಅನ್ನದ ಅಗುಳು ಮತ್ತು ಮಳೆಗಾಲದ ತೇವ ನೋಡಿಕೊಳ್ಳುತ್ತವೆ.

ತರಿಸುವ ಮೊದಲು ತೂಕದ ಲೆಕ್ಕ ಹಾಕಿ. 6 ಅಡಿ ಎತ್ತರ, ಒಂದೂವರೆ ಅಡಿ ಅಗಲ, 2 ಅಂಗುಲ ದಪ್ಪದ ಕದವೊಂದರಲ್ಲಿ ಒಂದೂವರೆ ಘನ ಅಡಿ ಮರವಿರುತ್ತದೆ, ಅಂದರೆ ಒಣಗಿದ ಹಲಸಿನ ಮರವಾದರೆ ಸುಮಾರು 25ರಿಂದ 30 ಕಿಲೊ. ಎರಡು ಕದಗಳ ಜೊತೆ ದಾರಂದವೂ ಸೇರಿದರೆ ಭಾರ ನೂರು ಕಿಲೊ ದಾಟುತ್ತದೆ. ಇಬ್ಬರು ನೆಂಟರು ಕುಳಿತಷ್ಟೇ ಆದ ಈ ಭಾರ ನೆಲಕ್ಕೆ ಏನೂ ಅಲ್ಲ, ಆದರೆ ಗೋಡೆಗೆ ಅಲ್ಲ ಎನ್ನುವಂತಿಲ್ಲ. ಈಚಿನ ಕಟ್ಟಡಗಳ ಒಳಗೋಡೆಗಳು ಹೆಚ್ಚಾಗಿ ನಾಲ್ಕೈದು ಅಂಗುಲದ ಹಗುರ ಬ್ಲಾಕುಗಳವು; ಮಾಮೂಲಿ ಪ್ಲಾಸ್ಟಿಕ್ ಗೂಟ ಅದರಲ್ಲಿ ಕ್ರಮೇಣ ಸಡಿಲಗೊಳ್ಳುತ್ತದೆ. ಆದ್ದರಿಂದ ಬಾಗಿಲನ್ನು ತೂಗುಹಾಕದೆ, ನೆಲದ ಮೇಲೆ ನಿಲ್ಲಿಸಿ ಭಾರವೆಲ್ಲ ಅಲ್ಲಿಗೇ ಇಳಿಯುವಂತೆ ಮಾಡಿ, ಮುಂದಕ್ಕೆ ವಾಲದಿರಲೆಂದು ಮಾತ್ರ ಮೇಲ್ಭಾಗದಲ್ಲಿ ಎರಡು ಕಬ್ಬಿಣದ ಪಟ್ಟಿಗಳಿಂದ ಗೋಡೆಗೆ ಬಿಗಿಯಬೇಕು. ಗೋಡೆಗೂ ಮರಕ್ಕೂ ನಡುವೆ ಒಂದಂಗುಲ ಗಾಳಿಯಾಡಲು ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೋಡೆಗಳು ಬೆವರುವುದನ್ನು ನೀವು ಬಲ್ಲಿರಿ. ಒಳಗೋಡೆಯೇ ಸಿಕ್ಕರೆ ಇನ್ನೂ ಒಳ್ಳೆಯದು. ಲಿಫ್ಟಿನ ಬಾಗಿಲನ್ನೂ ಒಳಗಿನ ಎತ್ತರವನ್ನೂ ಈಗಲೇ ಅಳೆಯಿರಿ. ಹಳೆಯ ದಾರಂದಗಳನ್ನು ಬಹುಮಟ್ಟಿಗೆ ಮರದ ಗೂಟಗಳಿಂದಲೇ ಕೂಡಿಸಿರುವುದರಿಂದ ಊರಿನ ಬಡಗಿಯೇ ಅದನ್ನು ಬಿಚ್ಚಿ, ತುಂಡುಗಳಿಗೆ ಗುರುತು ಹಾಕಿ ಕಳಿಸಬಲ್ಲರು. ಕೆಡವುವವರ ಕೈಗೆ ಆ ಕೆಲಸ ಬಿಟ್ಟರೆ ಗಿಳಿಯ ಕೊಕ್ಕು ಉಳಿಯುವುದಿಲ್ಲ.

ಲಾರಿಗೆ ಹೇರುವ ಮುನ್ನ ಕದವನ್ನು ಎರಡು ದಿನ ಕರಿಯ ಬಟ್ಟೆಯ ಮೇಲೆ ನಿಲ್ಲಿಸಿಡಿ. ಬೆಳಗ್ಗೆ ಬಟ್ಟೆಯ ಮೇಲೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಒಳಗೆ ಹುಳು ಬದುಕಿದೆ ಎಂದೇ ಅರ್ಥ. ಔಷಧಿ ಅಲ್ಲೇ ಆಗಲಿ, ನಿಮ್ಮ ಸೋಫಾದ ಪಕ್ಕದಲ್ಲಿ ಬೇಡ. ಮರದ ಮೇಲಿರುವ ಕಪ್ಪು ಬಣ್ಣವನ್ನು ಕೊಳೆಯೆಂದು ತಿಳಿದು ಉಜ್ಜಿಸಬೇಡಿ. ಕರಾವಳಿಯಲ್ಲಿ ಮರಕ್ಕೆ ಹುಳು ಬಾರದಂತೆ ಗೇರೆಣ್ಣೆ ಬಳಿಯುತ್ತಿದ್ದರು. ವರ್ಷಗಳ ಎಣ್ಣೆ, ಹೊಗೆ ಮತ್ತು ಕೈಯ ಜಿಡ್ಡು ಸೇರಿ ಬಂದ ಬಣ್ಣ ಅದು. ಪಾಲಿಶಿನವರು ಅದನ್ನು ಕೆರೆದು ಮಿರಮಿರ ಮಿಂಚುವ ವಾರ್ನಿಶ್ ಹಚ್ಚಿಕೊಟ್ಟರೆ ನಿಮ್ಮಲ್ಲಿ ಉಳಿಯುವುದು ಅಂಗಡಿಯಲ್ಲಿ ಸಿಗುವ ಬಾಗಿಲು. ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರಸಿ, ಒಣಗಿದ ಮೇಲೆ ಜೇನುಮೇಣವನ್ನು ತೆಳುವಾಗಿ ಹಚ್ಚಿದರೆ ಸಾಕು.

ಮನೆಯೊಳಗೆ ಕಾಲಿಟ್ಟೊಡನೆ ಎದುರಾಗುವ ಗೋಡೆ ಯಾವುದೋ ಅಲ್ಲಿಯೇ ಅದು ನಿಲ್ಲಲಿ, ಟಿವಿ ಪಕ್ಕದ ಗೋಡೆಗೆ ಹೋಗಲಿ. 55 ಅಂಗುಲದ ಟಿವಿಯ ಸಮಕ್ಕೆ ನಿಂತು ಗೆಲ್ಲುವ ಕೆತ್ತನೆ ಇನ್ನೂ ಹುಟ್ಟಿಲ್ಲ. ಹಿಂದಿನ ಗೋಡೆಗೆ ಸುಣ್ಣದಂಥ ಮಾಸಲು ಬಿಳುಪು ಸಾಕು. ಬೆಳಕನ್ನು ಎದುರಿನಿಂದ ಬಿಟ್ಟರೆ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಸೂರಿನಲ್ಲಿ, ಬಾಗಿಲಿನಿಂದ ಒಂದಡಿಯಷ್ಟೇ ಮುಂದೆ, 2700 ಕೆಲ್ವಿನ್‌ನ ಹಳದಿ ಛಾಯೆಯ ಸಣ್ಣ ದೀಪವಿಟ್ಟರೆ ಬೆಳಕು ಮರವನ್ನು ಸವರುತ್ತ ಇಳಿದು ಬಳ್ಳಿಯ ಪ್ರತಿಯೊಂದು ಎಲೆಗೂ ನೆರಳು ಕೊಡುತ್ತದೆ. ಅದೇ ಗೋಡೆಯ ಮೇಲಿನ ಗಡಿಯಾರ, ಕುಟುಂಬದ ಫೋಟೋಗಳು, ಟ್ರೋಫಿಗಳ ಶೋಕೇಸು ಎಲ್ಲವೂ ಜಾಗ ಬಿಡಬೇಕಾದೀತು. ಮನೆಯಲ್ಲಿ ಜಗಳ ಹುಟ್ಟುವುದಾದರೆ ಇಲ್ಲಿಯೇ, ಆದರೂ ಈ ವಿಷಯದಲ್ಲಿ ಮಣಿಯಬೇಡಿ.

ತಮ್ಮನಿಗೆ ಮಾತ್ರ ಇಲ್ಲವೆನ್ನಬೇಕಾಗುತ್ತದೆ. 1972ರ ಪ್ರಾಚ್ಯವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ಇಂಥ ಕೆತ್ತನೆಯ ವಸ್ತು ಪ್ರಾಚ್ಯವಸ್ತುವೆನಿಸುತ್ತದೆ, ಅದನ್ನು ಖಾಸಗಿ ವ್ಯಕ್ತಿಗಳು ಹೊರದೇಶಕ್ಕೆ ಸಾಗಿಸುವಂತಿಲ್ಲ. ಕಾನೂನು ಹಾಗಿರಲಿ, ಜೋಡಿ ಕದಗಳನ್ನು ಅಗಲಿಸುವುದೂ ನನಗೆ ಸರಿಕಾಣದು.

ಪ್ರಶ್ನೆ: ನಮ್ಮಲ್ಲಿ ಹತ್ತು ಅಂಗುಲದ ಬಿದ್ರಿ ಹೂಜಿಯಿದೆ. ಬೈಠಕ್ಕಿನ ಮುಖ್ಯ ಆಕರ್ಷಣೆ ಅದೇ ಆಗಬೇಕೆಂಬ ಆಸೆ, ಆದರೆ ಕಪಾಟಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲದೆ ಅದರ ಬೆಳ್ಳಿಯೂ ಕಂದಿದೆ.
– ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ಕರಿಯ ವಸ್ತುವನ್ನು ಕಡುಬಣ್ಣದ ಕಪಾಟಿನಲ್ಲಿ ಇತರ ಹತ್ತು ವಸ್ತುಗಳ ನಡುವೆ ಇಟ್ಟರೆ ಹಾಗೆಯೇ ಆಗುತ್ತದೆ. ಬಿಳಿಯ ಗೋಡೆಯ ಮುಂದೆ, ಕುಳಿತವರ ಕಣ್ಣಿನ ಮಟ್ಟಕ್ಕೆ ಬರುವ ಎತ್ತರದ ಸಣ್ಣ ಪೀಠದ ಮೇಲೆ ಅದೊಂದನ್ನೇ ಇಡಿ. ಬಿದ್ರಿಯ ಒಡಲು ಹೆಚ್ಚಿನಂಶ ಸತು, ಸ್ವಲ್ಪ ತಾಮ್ರ. ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣ ಅದನ್ನು ಕಪ್ಪಾಗಿಸಿ, ಬೆಳ್ಳಿಯನ್ನು ಮಾತ್ರ ಬೆಳ್ಳಗೇ ಉಳಿಸುತ್ತದೆ. ಹಿತ್ತಾಳೆಗೆ ಹಚ್ಚುವ ಹುಣಸೆಹಣ್ಣು ಅಥವಾ ಪಾಲಿಶ್ ತಾಗಿದರೆ ಆ ಕಪ್ಪೇ ಮಾಸಿಹೋಗುತ್ತದೆ. ಮೆತ್ತನೆಯ ಒಣ ಬಟ್ಟೆಯಿಂದ ಬೆಳ್ಳಿಯ ಗೆರೆಗಳನ್ನು ತಾಳ್ಮೆಯಿಂದ ತಿಕ್ಕಿ, ಕೊನೆಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿ ಒರಸಿಬಿಡಿ. ಕೆತ್ತನೆಯ ಸಂದುಗಳಲ್ಲಿ ಎಣ್ಣೆ ನಿಂತರೆ ಧೂಳು ಕೂರುತ್ತದೆ, ಅದೊಂದನ್ನು ಗಮನಿಸಿ.